ಒಂದು ಕಟ್ಟಿಗೆಯನ್ನು ಎಷ್ಟು ಸಲ ಎತ್ತುತ್ತೇವೆ?

ತೀರ್ಥಹಳ್ಳಿ ಸೀಮೆಯ ಒಂದು ಹಳ್ಳಿಯಲ್ಲಿ, ಬೇಸಗೆಯ ಒಂದು ಮಧ್ಯಾಹ್ನ ಅಡಿಕೆ ಬೆಳೆಗಾರರ ಮುಂದೆ ಆಡಿದ ಮಾತಿನ ಬರಹ ರೂಪ.

ಮೊದಲು ಒಂದು ಪ್ರಶ್ನೆ. ನಿಮ್ಮಲ್ಲಿ ಎಷ್ಟು ಜನರ ಕೊಟ್ಟಿಗೆ ಹಿಂದೆ ಟಿಲ್ಲರ್‌ನ ಕೇಜ್ ವೀಲ್, ಅಂದರೆ ಕೆಸರಿಗೆ ಹಾಕುವ ಕಬ್ಬಿಣದ ಪಂಜರದ ಗಾಲಿ, ತುಕ್ಕು ಹಿಡಿದು ಬಿದ್ದಿದೆ? ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ ಕೈ ಕಾಣುತ್ತಿವೆ. ಮಣ್ಣು ಹದ ಮಾಡುವ ರೋಟರಿ ಬಿಚ್ಚಿಟ್ಟು ಮತ್ತೆ ಹಾಕದೇ ಇರುವವರು? ಅವರೂ ಕಡಿಮೆ ಇಲ್ಲ. ಭತ್ತ ಬಡಿಯುವ ಮಷಿನ್, ಹಳೆ ಪಂಪ್‌ಸೆಟ್ಟಿನ ಡೀಸೆಲ್ ಎಂಜಿನ್, ಎತ್ತಿನ ಗಾಡಿಯ ಅಚ್ಚು, ಇದರಲ್ಲಿ ಒಂದಾದರೂ ಇಲ್ಲದ ಮನೆ ನಮ್ಮ ಕಡೆ ಯಾವುದಿದೆ ಹೇಳಿ.

ಕಾರಣ ನಿಮಗೆಲ್ಲ ಗೊತ್ತು. ಗದ್ದೆ ತೋಟವಾಯಿತು. ನನ್ನ ಅಪ್ಪ ಟಿಲ್ಲರ್ ತಂದದ್ದು ಗದ್ದೆ ಹೂಡಲಿಕ್ಕೆ. ಕೆಸರಿನಲ್ಲಿ ಗಾಲಿ ಹೂತುಹೋಗದ ಹಾಗೆ ಕೇಜ್ ವೀಲ್ ಹಾಕಿಕೊಂಡು ಜಡಿ ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಸಂಜೆವರೆಗೆ ಓಡಿಸುತ್ತಿದ್ದರು. ಇವತ್ತು ಆ ಗದ್ದೆಯಲ್ಲಿ ಅಡಿಕೆ ಮರ ನಿಂತಿದೆ. ಗದ್ದೆಯ ಸಾಮಾನು ಮೂಲೆ ಸೇರಿತು. ಆದರೆ ಅದೇ ಅಡಿಕೆ ನಮ್ಮನ್ನು ಏನು ಕೇಳುತ್ತದೆ? ಕಟ್ಟಿಗೆ ಕೇಳುತ್ತದೆ. ನಾವು ಕೆಂಪಡಿಕೆ ಮಾಡುವವರು. ಕೊನೆ ಇಳಿಸಿ, ಸುಲಿದು, ಚೊಗರು, ಅಂದರೆ ಮೊದಲು ಅಡಿಕೆ ಬೇಯಿಸಿದ ಕೆಂಪು ರಸ, ಹಾಕಿ ಹಂಡೆಯಲ್ಲಿ ಬೇಯಿಸಲೇಬೇಕು. ಕೊಯ್ಲಿನ ದಿನಗಳಲ್ಲಿ ಆ ಒಲೆ ಹಗಲು ರಾತ್ರಿ ಉರಿಯುತ್ತದೆ. ಅದರ ಜೊತೆಗೆ ವರ್ಷವಿಡೀ ಬಚ್ಚಲ ಒಲೆ. ಭತ್ತದ ಕಾಲದ ಕಬ್ಬಿಣವನ್ನು ಅಡಿಕೆ ಕಾಲದ ಕಟ್ಟಿಗೆ ಕೆಲಸಕ್ಕೆ ಹೇಗೆ ಹಚ್ಚುವುದು ಅಂತ ನಾನು ಹತ್ತು ಹನ್ನೆರಡು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೇನೆ. ಅದನ್ನೇ ಹೇಳಲಿಕ್ಕೆ ಬಂದಿದ್ದೇನೆ.

ಶುರುವಿನಲ್ಲಿ ನಾನೂ ಎಲ್ಲರ ಹಾಗೆ ಸೀಳುವ ಮಷಿನ್ ಬಗ್ಗೆಯೇ ಯೋಚನೆ ಮಾಡುತ್ತಿದ್ದೆ. ಕೊಡಲಿ ಎತ್ತಿ ಎತ್ತಿ ಭುಜ ಹೋಗುತ್ತದೆ, ಕೆಲಸಕ್ಕೆ ಜನ ಸಿಗುವುದಿಲ್ಲ, ಹಾಗಾಗಿ ಸೀಳುವ ಮಷಿನ್ ಬೇಕು ಅಂತ. ಒಂದು ದಿನ ಅಮ್ಮ ಹಿತ್ತಲ ಕಟ್ಟೆ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಹೇಳಿದರು: "ಸೀಳೋದು ಒಂದು ಸಲ ಮಾರಾಯ. ಎತ್ತೋದು ಎಷ್ಟು ಸಲ ಅಂತ ಲೆಕ್ಕ ಹಾಕಿದ್ದೀಯ?"

ನಾನು ಲೆಕ್ಕ ಹಾಕಿರಲಿಲ್ಲ. ಆ ದಿನ ಕೂತು ಹಾಕಿದೆ. ಮರ ಕಡಿದಲ್ಲಿ ಸವರಿ ಒಂದು ಕಡೆ ಒಟ್ಟುವುದು, ಒಂದು. ಅಲ್ಲಿಂದ ದಾರಿವರೆಗೆ ಹೊರುವುದು, ಎರಡು. ಗಾಡಿಗೆ ತುಂಬುವುದು, ಮೂರು. ಅಂಗಳದಲ್ಲಿ ಇಳಿಸುವುದು, ನಾಲ್ಕು. ಕೊಯ್ಯಲಿಕ್ಕೆ ಎತ್ತಿ ಇಡುವುದು, ಐದು. ಸೀಳಲಿಕ್ಕೆ ನಿಲ್ಲಿಸುವುದು, ಆರು. ಒಣಗಲಿಕ್ಕೆ ಹರಡುವುದು, ಏಳು. ಕಟ್ಟಿಗೆ ಕೊಟ್ಟಿಗೆಯಲ್ಲಿ ಒಟ್ಟುವುದು, ಎಂಟು. ಒಲೆ ಹತ್ತಿರ ತರುವುದು, ಒಂಬತ್ತು. ನಮ್ಮ ಮನೆಗೆ ಅಡಿಕೆ ಒಲೆ, ಬಚ್ಚಲ ಒಲೆ ಸೇರಿ ವರ್ಷಕ್ಕೆ ಸುಮಾರು 6 ಟನ್ ಬೇಕು. ಒಂಬತ್ತು ಸಲ ಎತ್ತಿದರೆ 54 ಟನ್. ಇಷ್ಟು ಭಾರ ನಮ್ಮ ಮನೆಯವರ, ಕೆಲಸಕ್ಕೆ ಬರುವವರ ಬೆನ್ನಿನ ಮೇಲೆ ಹಾದುಹೋಗುತ್ತಿತ್ತು. ಅದರಲ್ಲಿ ದೊಡ್ಡ ಪಾಲು ಹೆಂಗಸರ ತಲೆ ಮೇಲೆ, ಸಿಂಬಿ ಇಟ್ಟುಕೊಂಡು. ಕೊಡಲಿ ಹಿಡಿಯುವವನ ಶ್ರಮ ಎಲ್ಲರ ಕಣ್ಣಿಗೆ ಬೀಳುತ್ತದೆ. ಹೊರೆ ಹೊರುವವಳದ್ದು ಬೀಳುವುದಿಲ್ಲ.

ಅವತ್ತಿನಿಂದ ನಾನು ಯಾವ ಹಳೆ ಯಂತ್ರ ನೋಡಿದರೂ ಮೊದಲು ಕೇಳಿಕೊಳ್ಳುವುದು ಇಷ್ಟೇ. ಇದರಿಂದ ಎಷ್ಟು ಸಲ ಎತ್ತುವುದು ತಪ್ಪುತ್ತದೆ?

ಕೇಜ್ ವೀಲ್‌ನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದಕ್ಕೆ ಖರ್ಚು ಕಡಿಮೆ, ಉಪಕಾರ ಜಾಸ್ತಿ. ನಾನು ಅದರಿಂದ ಮಾಡಿದ್ದಕ್ಕೆ ತೊಟ್ಟಿಲು ಅಂತ ಹೆಸರಿಟ್ಟಿದ್ದೇನೆ. ಎರಡು ಕೇಜ್ ವೀಲ್ ತಗೊಳ್ಳಿ. ಎರಡರಲ್ಲೂ ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ ತೆಗೆಯಿರಿ, ಬಾಯಿ ತೆರೆದ ಹಾಗೆ ಆಗಬೇಕು. ಹಲ್ಲುಗಳು ಹೊರಗೆ ಇರಲಿ, ಅವೇ ನೆಲಕ್ಕೆ ಕಚ್ಚಿಕೊಳ್ಳುತ್ತವೆ. ಒಂದು ಹಳೆ ಚಾನೆಲ್ ಮೇಲೆ ಎರಡನ್ನೂ ನಿಲ್ಲಿಸಿ ಬೆಸುಗೆ ಹಾಕಿ. ನಡುವೆ ಅರ್ಧ ಅಡಿ ಸಂದು ಬಿಡಿ. ನನ್ನ ವೀಲ್ ಒಂದೊಂದೂ ಒಂದು ಅಡಿ ಅಗಲ ಇದೆ. ಇಷ್ಟಾದರೆ ಒಂದು ಮಾರು ಉದ್ದದ, ಅಂದರೆ ಆರು ಅಡಿಯ ಕೋಲುಗಳನ್ನು ಅದರಲ್ಲಿ ಉದ್ದಕ್ಕೆ ಮಲಗಿಸಬಹುದು. ಮಣಿಕಟ್ಟಿನಿಂದ ತೊಡೆಯಷ್ಟು ದಪ್ಪದವರೆಗೆ ಯಾವುದಾದರೂ ಆದೀತು. ಅಕೇಶಿಯಾದ ಡೊಂಕು ಕೊಂಬೆಗೆ ಇದು ಹೇಳಿ ಮಾಡಿಸಿದ ಹಾಗೆ. ಒಂದೊಂದಾಗಿ ಹಿಡಿದು ಕೊಯ್ಯಲಿಕ್ಕೆ ಹೋದರೆ ಅದು ತಿರುಗುತ್ತದೆ, ಒದೆಯುತ್ತದೆ. ಇಪ್ಪತ್ತು ಒಟ್ಟಿಗೆ ಮಲಗಿಸಿ ಮೇಲೆ ಸರಪಳಿ ಬಿಗಿದರೆ ಒಂದೂ ಅಲ್ಲಾಡುವುದಿಲ್ಲ.

ಈಗ ಚೈನ್‌ಸಾ ಮಷಿನ್‌ನಿಂದ ಕೊಯ್ಯಬೇಕು. ಆರು ಅಡಿಗೆ ಮೂರು ಕೊಯ್ತ. ಮೂರೇ ಕೊಯ್ತಕ್ಕೆ ಒಂದೂವರೆ ಅಡಿಯ ಎಂಬತ್ತು ತುಂಡು ಸಿಗುತ್ತವೆ. ಇಲ್ಲಿ ಒಂದು ಸಣ್ಣ ವಿಷಯ, ದಯವಿಟ್ಟು ಗಮನ ಕೊಡಿ. ಮೊದಲು ಎರಡು ತುದಿ ಕೊಯ್ಯಬೇಕು, ಕೊನೆಗೆ ನಡು. ನಡುವೆ ಮೊದಲು ಕೊಯ್ದರೆ ಏನಾಗುತ್ತದೆ? ಮೂರು ಅಡಿಯ ಎರಡು ಕಂತೆ ಆಗುತ್ತವೆ. ಒಂದೊಂದು ಕಂತೆಯ ಭಾರ ವೀಲ್‌ನಿಂದ ಹೊರಗೆ ಬೀಳುತ್ತದೆ, ಇಡೀ ಕಂತೆ ಹೊರಕ್ಕೆ ಮೊಗಚಿ ನಿಮ್ಮ ಕಾಲ ಮೇಲೆ ಬರುತ್ತದೆ. ತುದಿ ಮೊದಲು ತೆಗೆದರೆ ಉಳಿದದ್ದು ವೀಲ್ ಮೇಲೆ ಸಮ ಕೂತಿರುತ್ತದೆ.

ಇನ್ನೊಂದು, ಅಗಲ. ನನ್ನ ಮಷಿನ್ನಿನ ಬಾರ್, ಅಂದರೆ ಸರಪಳಿ ಓಡುವ ಪಟ್ಟಿ, 18 ಇಂಚಿನದು. ಹಾಗಾಗಿ ತೊಟ್ಟಿಲ ಒಳಗೆ ಎರಡು ಬದಿಗೂ ಪೈಪ್ ನಿಲ್ಲಿಸಿ, ಕೋಲು ತುಂಬುವ ಅಗಲವನ್ನು ಒಂದೂಕಾಲು ಅಡಿಗೆ ಇಳಿಸಿದ್ದೇನೆ. ಬಾರ್‌ನ ತುದಿ ಯಾವಾಗಲೂ ಕಂತೆಯ ಆಚೆ ಕಾಣುತ್ತಿರಬೇಕು. ತುದಿ ಕಂತೆಯ ಒಳಗೇ ಒಂದು ಕೋಲಿಗೆ ತಾಗಿತು ಅಂದರೆ ಮಷಿನ್ ಗಕ್ಕನೆ ಮೇಲಕ್ಕೆ, ಮುಖದ ಕಡೆಗೆ ಹಾರುತ್ತದೆ. ಮರ ಕೊಯ್ಯುವವರಿಗೆ ಆಗುವ ಕೆಟ್ಟ ಗಾಯಗಳಲ್ಲಿ ಎಷ್ಟೋ ಹೀಗೇ ಆಗುವುದು.

ತೊಟ್ಟಿಲನ್ನು ಎಲ್ಲಿ ಇಡಬೇಕು ಅನ್ನುವುದರಲ್ಲಿ ಅರ್ಧ ಲಾಭ ಇದೆ. ನಾನು ಅದನ್ನು ಧರೆಯ, ಅಂದರೆ ದಾರಿ ಪಕ್ಕದ ಕಡಿದಾದ ಮಣ್ಣಿನ ದಿಬ್ಬದ, ಅಂಚಿಗೆ ಇಟ್ಟಿದ್ದೇನೆ. ಕೆಳಗೆ ದಾರಿ, ದಾರಿಯಲ್ಲಿ ಟಿಲ್ಲರ್‌ನ ಟ್ರೇಲರ್. ಭತ್ತ ಬಡಿಯುವ ಹಳೆ ಮಷಿನ್ನಿನ ತಗಡು ಬಿಚ್ಚಿ ಜಾರುಬಂಡಿ ಮಾಡಿದ್ದೇನೆ. ಕೊಯ್ದ ತುಂಡು ತಗಡಿನ ಮೇಲೆ ಜಾರಿ ಸೀದಾ ಟ್ರೇಲರ್‌ಗೆ ಬೀಳುತ್ತದೆ. ತುಂಬುವ ಕೆಲಸವೇ ಇಲ್ಲ. ಬಯಲುಸೀಮೆಯವರಿಗೆ ಈ ಅನುಕೂಲ ಇಲ್ಲ. ನಮ್ಮದು ಏರು ತಗ್ಗಿನ ಜಾಗ ಅಂತ ನಾವು ಯಾವಾಗಲೂ ಬೇಜಾರು ಮಾಡಿಕೊಳ್ಳುತ್ತೇವೆ. ಕಟ್ಟಿಗೆಯ ವಿಷಯದಲ್ಲಿ ಮಾತ್ರ ಆ ತಗ್ಗೇ ನಮಗೆ ಸಂಬಳ ಕೇಳದ ಆಳು. ಬರೀ ತೊಟ್ಟಿಲು ಮತ್ತು ಧರೆಯಿಂದ ನಮ್ಮ ಮನೆಯಲ್ಲಿ ಒಂಬತ್ತು ಸಲ ಎತ್ತುವುದು ಆರಕ್ಕೆ ಇಳಿಯಿತು.

ಟ್ರೇಲರ್ ಮಾತು ಬಂತಲ್ಲ, ಅಲ್ಲೇ ಸ್ವಲ್ಪ ನಿಲ್ಲುತ್ತೇನೆ. ನಮ್ಮ ದೇಶಕ್ಕೆ ಟಿಲ್ಲರ್ ಬಂದದ್ದು ಜಪಾನಿನ ದಾರಿಯಿಂದ. 1967ರಲ್ಲಿ ಬೆಂಗಳೂರಿನ ವಿ.ಎಸ್.ಟಿ.ಯವರು ಮಿತ್ಸುಬಿಷಿ ಜೊತೆ ಸೇರಿ ಶುರು ಮಾಡಿದರು. 1973ರಲ್ಲಿ ಕೇರಳ ಸರ್ಕಾರದ ಕಾಮ್ಕೋ ಬಂತು, ಅವರದ್ದು ಕುಬೋಟಾ ನಮೂನೆ. 12, 13 ಹಾರ್ಸ್‌ಪವರ್‌ನ ಈ ಮಷಿನ್ ಹುಟ್ಟಿದ್ದು ಸಮತಟ್ಟಾದ ಭತ್ತದ ಗದ್ದೆಗೆ. ಅದಕ್ಕೆ ಟ್ರೇಲರ್ ಕಟ್ಟಿ ನಮ್ಮ ಘಾಟಿ ದಾರಿಯಲ್ಲಿ ಕಟ್ಟಿಗೆ ಹೇರಿಕೊಂಡು ಇಳಿಯುತ್ತಿರುವವರು ನಾವು. ಒಂದು ವಿಷಯ ಹಳಬರಿಗೆ ಗೊತ್ತಿದೆ, ಹೊಸ ಹುಡುಗರಿಗೆ ಹೇಳಲೇಬೇಕು. ಇಳಿಜಾರಿನಲ್ಲಿ ಟಿಲ್ಲರ್‌ನ ತಿರುವು ಉಲ್ಟಾ ಆಗುತ್ತದೆ.

ಯಾಕೆ ಅಂದರೆ, ಟಿಲ್ಲರ್‌ಗೆ ಸ್ಟೇರಿಂಗ್ ಇಲ್ಲ. ಬಲಗೈ ಹಿಡಿ ಕೆಳಗಿನ ಕ್ಲಚ್ ಒತ್ತಿದರೆ ಬಲಗಾಲಿಗೆ ಹೋಗುವ ಶಕ್ತಿ ತಪ್ಪುತ್ತದೆ. ಸಮ ನೆಲದಲ್ಲಿ ಆ ಗಾಲಿ ನಿಧಾನ ಆಗುತ್ತದೆ, ಎಡಗಾಲಿ ಮುಂದೆ ಹೋಗುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. ಇಳಿಜಾರಿನಲ್ಲಿ ಹಿಂದಿನಿಂದ ಲೋಡು ನೂಕುತ್ತಿರುತ್ತದೆ. ಗೇರಿನಲ್ಲಿ ಇರುವ ಎಂಜಿನ್ ಎರಡೂ ಗಾಲಿಯನ್ನು ಹಿಡಿದುಕೊಂಡಿರುತ್ತದೆ. ಆಗ ಬಲ ಕ್ಲಚ್ ಒತ್ತಿದಿರಿ ಅಂದರೆ ಬಲಗಾಲಿಯ ಹಿಡಿತ ಬಿಟ್ಟು ಹೋಯಿತು. ಅದೇ ಜೋರಾಗಿ ಉರುಳುತ್ತದೆ. ಗಾಡಿ ಎಡಕ್ಕೆ, ಅಂದರೆ ಕೊರಕಲಿನ ಕಡೆಗೂ ತಿರುಗಬಹುದು. ನೂರು ಸಲ ಬಲಕ್ಕೆ ಬಲ ಅಂತ ಒತ್ತಿ ಅಭ್ಯಾಸವಾದ ಕೈ, ಆ ಒಂದು ಕ್ಷಣದಲ್ಲಿ ಉಲ್ಟಾ ಯೋಚನೆ ಮಾಡುವುದಿಲ್ಲ. ಆದ್ದರಿಂದ ಲೋಡಿನ ಜೊತೆ ಇಳಿಯುವಾಗ ಕ್ಲಚ್ ಮುಟ್ಟಬೇಡಿ. ಮೇಲೆ ಇರುವಾಗಲೇ ಸಣ್ಣ ಗೇರಿಗೆ ಹಾಕಿ. ಹಿಡಿಯನ್ನು ಕೈಯಲ್ಲಿ ಒತ್ತಿ ತಿರುಗಿಸಿ, ಟ್ರೇಲರ್‌ನ ಬ್ರೇಕನ್ನು ಕಾಲಿನಿಂದ ಹಿಡಿದುಕೊಳ್ಳಿ. ಆ ಬ್ರೇಕ್ ಕೆಲಸ ಮಾಡುತ್ತದೆಯೋ ಇಲ್ಲವೋ ಅಂತ ಖಾಲಿ ಗಾಡಿಯಲ್ಲಿ ನೋಡಿಕೊಂಡೇ ತುಂಬಬೇಕು.

ದೊಡ್ಡ ಕುಂಟೆ, ಅಂದರೆ ಮರದ ದಿಮ್ಮಿ, ಎಳೆಯುವುದಕ್ಕೆ ಒಂದು ಉಪಾಯ ಹೇಳಿ ಮುಂದೆ ಹೋಗುತ್ತೇನೆ. ಶಿಕಾರಿಪುರ, ಸೊರಬದ ಕಡೆ ಮೆಕ್ಕೆಜೋಳದ ಹೊಲಕ್ಕೆ ಓಡಿಸಿ ಸವೆದ ಹ್ಯಾರೋ ಡಿಸ್ಕ್ ಗುಜರಿಯಲ್ಲಿ ಸಿಗುತ್ತದೆ. ಬಟ್ಟಲಿನ ಹಾಗೆ ಕುಳಿ ಇರುತ್ತದೆ, ನಡುವೆ ಚೌಕದ ತೂತು ಇರುತ್ತದೆ. ಆ ತೂತಿನಲ್ಲಿ ಸರಪಳಿ ತೂರಿಸಿ ಕುಂಟೆಗೆ ಬಿಗಿದರೆ, ಕುಂಟೆಯ ಮೂತಿ ಆ ಬಟ್ಟಲೊಳಗೆ ಕೂರುತ್ತದೆ. ಉಬ್ಬಿದ ಕಡೆ ಮುಂದೆ. ಎಳೆಯುವಾಗ ಬೇರಿಗೆ, ಕಲ್ಲಿಗೆ ಸಿಕ್ಕಿಕೊಳ್ಳುವುದಿಲ್ಲ, ಮಣ್ಣು ಬಗೆಯುವುದಿಲ್ಲ. ಮಳೆ ಬಂದಾಗ ಆ ಬಗೆದ ಗೆರೆಯೇ ಹಳ್ಳ ಆಗುವುದನ್ನು ನೀವೆಲ್ಲ ನೋಡಿದ್ದೀರಿ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಸುರಿಯುವ ಮಳೆ ಅದು. ಒಂದು ಗೆರೆ ಸಿಕ್ಕರೆ ಸಾಕು, ಮಣ್ಣನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ.

ಈಗ ಕೊಯ್ಯುವುದು, ಸೀಳುವುದು. ಹಳೆ ಎಂಜಿನ್ ಇದೆ ಅಂತ ಸುಮ್ನೆ ಯಾವುದಕ್ಕೋ ಯಾವುದನ್ನೋ ಜೋಡಿಸಬಾರದು. ಕೊಯ್ಯಲಿಕ್ಕೆ ಓಟ ಬೇಕು. ಸೀಳಲಿಕ್ಕೆ ಬಲ ಬೇಕು, ಓಟ ಬೇಡ.

ಗುಂಡು ಗರಗಸದ ಹಲ್ಲಿನ ತುದಿ ಸೆಕೆಂಡಿಗೆ 45ರಿಂದ 50 ಮೀಟರ್ ಓಡಿದರೆ ಚೆನ್ನಾಗಿ ಕೊಯ್ಯುತ್ತದೆ. 24 ಇಂಚಿನ ಗರಗಸ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಅಷ್ಟಾಗುತ್ತದೆ. 18 ಇಂಚಿನದಕ್ಕೆ 2000 ಸುತ್ತು ಬೇಕು. ಆ ಗರಗಸದ ಮೇಲೆ ಅದು ತಡೆಯುವ ಹೆಚ್ಚಿನ ಸುತ್ತನ್ನು ಬರೆದಿರುತ್ತಾರೆ, ಅದನ್ನು ದಾಟಬಾರದು. ಈಗ ನಿಮ್ಮ ಮನೆಯ ಎಂಜಿನ್ ಯಾವುದು? ರಾಜಕೋಟ್ ಕಡೆಯಿಂದ ಬರುತ್ತಿದ್ದ, ಎರಡು ಬದಿಗೂ ದೊಡ್ಡ ಚಕ್ರ ಇರುವ ಲಿಸ್ಟರ್ ನಮೂನೆಯದಾದರೆ ಅದು ತಿರುಗುವುದೇ 650 ಸುತ್ತು. ಡುಗು ಡುಗು ಅಂತ ಒಂದೊಂದು ಪೆಟ್ಟೂ ಎಣಿಸುವ ಹಾಗೆ ಓಡುತ್ತದೆ. ಅದರಲ್ಲಿ 12 ಇಂಚಿನ ಪುಲ್ಲಿ, ಗರಗಸದಲ್ಲಿ 6 ಇಂಚಿನದು ಹಾಕಿದರೆ 1300 ಸುತ್ತು ಸಿಗುತ್ತದೆ. ಟಿಲ್ಲರ್ ಎಂಜಿನ್ ಆದರೆ 2000, 2400 ಸುತ್ತು ಓಡುತ್ತದೆ. ಈ ಎರಡು ಎಂಜಿನ್ ನಡುವಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತಗೊಳ್ಳದೆ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಅದನ್ನು ಪೂರ್ತಿ ಹೇಳುತ್ತೇನೆ.

ಟಿಲ್ಲರ್ ಎಂಜಿನ್‌ಗೆ 18 ಇಂಚಿನ ಗರಗಸ ಕೂರಿಸಿದೆ. ಓಟ ಸರಿ ಇತ್ತು, 2000 ಸುತ್ತು. ಆದರೆ ದಪ್ಪ ಕುಂಟೆ ಬಂದಾಗ ಗರಗಸ ಕುಸಿಯುತ್ತಿತ್ತು. ಶಾಫ್ಟಿಗೆ ಒಂದು ಭಾರದ ಚಕ್ರ ಇದ್ದರೆ ಓಟ ಕುಸಿಯುವುದಿಲ್ಲ ಅಂತ ಗೊತ್ತಿತ್ತು. ಗುಜರಿ ಅಂಗಡಿಯಲ್ಲಿ ಹಳೆ ಅಕ್ಕಿ ಮಿಲ್ಲಿನ ಬೀಡು ಕಬ್ಬಿಣದ ಪುಲ್ಲಿ, 14 ಇಂಚಿನದು, ತೂಕಕ್ಕೆ ಸಿಕ್ಕಿತು. ತಂದು ಶಾಫ್ಟಿಗೆ ಹಾಕಿದೆ. ಎರಡು ದಿನ ಬಹಳ ಚೆನ್ನಾಗಿ ಓಡಿತು. ಮೂರನೇ ದಿನ ಬೆಳಿಗ್ಗೆ, ಇನ್ನೂ ಕಟ್ಟಿಗೆ ಕೊಟ್ಟೇ ಇರಲಿಲ್ಲ, ಬರೀ ಓಡುತ್ತಿತ್ತು, ಪಟಾಕಿ ಹೊಡೆದ ಹಾಗೆ ಒಂದು ಶಬ್ದ. ಪುಲ್ಲಿ ಮೂರು ಹೋಳಾಗಿತ್ತು. ಒಂದು ಹೋಳು ನೆಲದಲ್ಲಿ ಗೇಣುದ್ದ ಹೂತಿತ್ತು. ಇನ್ನೊಂದು ಕೊಟ್ಟಿಗೆಯ ಹೆಂಚು ಒಡೆದುಕೊಂಡು ಹೋಗಿ ತೋಟದಲ್ಲಿ ಸಿಕ್ಕಿತು. ಮೂರನೆಯದು, ಐದು ನಿಮಿಷ ಮೊದಲು ನನ್ನ ಮಗ ನಿಂತಿದ್ದ ಜಾಗದ ಹಿಂದಿನ ಗೋಡೆಗೆ ಬಡಿದಿತ್ತು. ಆ ಗುರುತು ಇವತ್ತಿಗೂ ಇದೆ. ಗಾರೆ ಮಾಡಿ ಮುಚ್ಚಲಿಕ್ಕೆ ನನಗೆ ಮನಸ್ಸು ಬಂದಿಲ್ಲ.

ಆಮೇಲೆ ಲೆಕ್ಕ ಹಾಕಿದೆ. ಬೀಡು ಕಬ್ಬಿಣದ ಚಕ್ರದ ಅಂಚು ಸೆಕೆಂಡಿಗೆ 30 ಮೀಟರ್ ದಾಟಬಾರದು ಅನ್ನುವುದು ಹಳೆಯ ಕಟ್ಟುಪಾಡು. ನನ್ನದು 37 ಓಡುತ್ತಿತ್ತು. ಅದೇ ಪುಲ್ಲಿ ಅಕ್ಕಿ ಮಿಲ್ಲಿನಲ್ಲಿ ನಿಧಾನವಾಗಿ ತಿರುಗುತ್ತಾ ಇನ್ನೂ ಐವತ್ತು ವರ್ಷ ಬಾಳುತ್ತಿತ್ತೋ ಏನೋ. ಅದರ ಕೆಲಸದಿಂದ ಕಿತ್ತು ತಂದವನು ನಾನು. ಯಂತ್ರವನ್ನು ಒಂದು ಕೆಲಸದಿಂದ ಇನ್ನೊಂದಕ್ಕೆ ತರುವಾಗ ಕಬ್ಬಿಣ ಮಾತ್ರ ಬರುತ್ತದೆ. ಅದನ್ನು ಮಾಡಿದವರು ಹಾಕಿದ ಲೆಕ್ಕ ಹಳೇ ಜಾಗದಲ್ಲೇ ಉಳಿಯುತ್ತದೆ. ಹೊಸ ಲೆಕ್ಕವನ್ನು ನಾವೇ ಹಾಕಬೇಕು.

ಅದು ಬರೀ ಓಟದ ತಪ್ಪಲ್ಲ, ಪುಲ್ಲಿಯಲ್ಲಿ ಮೊದಲೇ ಕೂದಲೆಳೆಯ ಬಿರುಕು ಇತ್ತು. ಒಡೆದ ಅಂಚಿನಲ್ಲಿ ಸ್ವಲ್ಪ ಜಾಗ ಕಪ್ಪಾಗಿ ತುಕ್ಕು ಹಿಡಿದಿತ್ತು, ಉಳಿದದ್ದು ಹೊಳೆಯುತ್ತಿತ್ತು. ಆ ಕಪ್ಪು ಹಳೆಯ ಬಿರುಕು. ಈಗ ನಾನು ಗುಜರಿಯಲ್ಲಿ ಯಾವ ಬೀಡಿನ ಸಾಮಾನು ಕೊಂಡರೂ ಮೊದಲು ಹಗ್ಗದಲ್ಲಿ ನೇತು ಹಾಕುತ್ತೇನೆ. ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತೇನೆ. ಗಟ್ಟಿ ಇದ್ದರೆ ದೇವಸ್ಥಾನದ ಗಂಟೆ ಹಾಗೆ ನಾದ ಎಳೆಯುತ್ತದೆ. ಬಿರುಕು ಇದ್ದರೆ ಒಡಕು ಮಡಕೆ ತಟ್ಟಿದ ಹಾಗೆ ಟಪ್ ಅಂತ ಅಲ್ಲೇ ನಿಲ್ಲುತ್ತದೆ. ಮಡಕೆ ಕೊಳ್ಳುವಾಗ ಅಜ್ಜಿಯರು ತಟ್ಟಿ ನೋಡುತ್ತಿದ್ದರಲ್ಲ, ಅದೇ ಪರೀಕ್ಷೆ. ನಾಲ್ಕೈದು ಕಡೆ ತಟ್ಟಿ, ಒಂದೇ ಕಡೆ ಸಾಲದು. ಹಾಗೇ, ತಿರುಗುವ ಚಕ್ರದ ನೇರಕ್ಕೆ ಯಾರೂ ನಿಲ್ಲಬಾರದು. ಒಡೆದರೆ ಹೋಳು ಹಾರುವುದು ಆ ನೇರಕ್ಕೇ.

ಗುಂಡು ಗರಗಸದ ಬಗ್ಗೆ ಕಾನೂನಿನ ಮಾತೂ ಒಂದಿದೆ. ಅದರಲ್ಲಿ ಹಲಗೆ, ರೀಪು ಸೀಳಲಿಕ್ಕೆ ಹೋದರೆ ಅದು ಸಾಮಿಲ್ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ನಮ್ಮದು ಒಲೆ ಕಟ್ಟಿಗೆಗೆ ಅಂದರೂ ಕೂರಿಸುವ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ. ಮರ ಕಡಿಯುವುದಕ್ಕೂ 1976ರ ಮರ ಸಂರಕ್ಷಣೆ ಕಾಯ್ದೆ ಇದೆ. ನನ್ನನ್ನು ಕೇಳಿದರೆ, ತೊಟ್ಟಿಲು ಮತ್ತು ಚೈನ್‌ಸಾ ಇರುವಾಗ ಮನೆ ಬಳಕೆಗೆ ಗುಂಡು ಗರಗಸದ ಅಗತ್ಯವೇ ಇಲ್ಲ. ನಾನು ನನ್ನದನ್ನು ಬಿಚ್ಚಿಟ್ಟಿದ್ದೇನೆ.

ಇನ್ನು ಸೀಳುವುದು. ಇಲ್ಲಿ ಬೇಕಾದದ್ದು ಬೆಣೆ, ಅದರ ಹಿಂದೆ ನಿಧಾನವಾದ ದೊಡ್ಡ ಬಲ. ಆ ಬಲ ಹಳೆ ಟ್ರ್ಯಾಕ್ಟರ್‌ನಲ್ಲಿ ಇದೆ. ಗೇರ್‌ಬಾಕ್ಸ್ ಸವೆದು ಹೊಲಕ್ಕೆ ಬಾರದ ಟ್ರ್ಯಾಕ್ಟರ್‌ನಲ್ಲೂ ಹೈಡ್ರಾಲಿಕ್ ಪಂಪ್ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಮಣ್ಣು ಸುರಿಯುವ ಟ್ರಾಲಿಯನ್ನು ಎತ್ತುವ ಜಾಕ್ ಇದೆಯಲ್ಲ, ಅದನ್ನು ಮಲಗಿಸಿ ಮುಂದೆ ಬೆಣೆ ಇಟ್ಟರೆ ಸೀಳುವ ಯಂತ್ರವೇ. ಲೆಕ್ಕ ನೋಡಿ. ಜಾಕ್‌ನ ಒಳ ಅಗಲ 4 ಇಂಚು ಇದ್ದರೆ ಅದರ ಮುಖ ಸುಮಾರು 81 ಚದರ ಸೆಂಟಿಮೀಟರ್. ಒಂದೊಂದು ಚದರ ಸೆಂಟಿಮೀಟರ್ ಮೇಲೆ 150 ಕಿಲೋ ಒತ್ತಡ ಬಿದ್ದರೆ ಒಟ್ಟು ಹನ್ನೆರಡು ಟನ್ನಿಗಿಂತ ಜಾಸ್ತಿ. ಗಂಟು ಇರುವ ಮತ್ತಿ, ಜಂಬೆ ಕೂಡ ಇದರ ಮುಂದೆ ಬಾಯಿ ಬಿಡುತ್ತದೆ.

ಟ್ರಾಲಿ ಜಾಕ್‌ಗೆ ಒಂದು ಕೊರತೆ ಇದೆ. ಅದು ಮುಂದಕ್ಕೆ ಮಾತ್ರ ನೂಕುತ್ತದೆ. ಟ್ರಾಲಿಯಲ್ಲಿ ಇದ್ದಾಗ ಟ್ರಾಲಿಯ ಭಾರವೇ ಅದನ್ನು ವಾಪಸ್ ಇಳಿಸುತ್ತಿತ್ತು. ಇಲ್ಲಿ ಭಾರ ಎಲ್ಲಿಂದ ತರುವುದು? ನಾನು ಹಿತ್ತಲಲ್ಲಿದ್ದ ಒರಳು ಕಲ್ಲನ್ನು ಉಕ್ಕಿನ ಹಗ್ಗದಲ್ಲಿ ರಾಟೆ ಮೇಲಿಂದ ಇಳಿಬಿಟ್ಟೆ. ಲಿವರ್ ಬಿಟ್ಟ ತಕ್ಷಣ ಕಲ್ಲು ಕೆಳಗೆ ಇಳಿಯುತ್ತದೆ, ಬೆಣೆ ಹಿಂದೆ ಸರಿಯುತ್ತದೆ. ಕಲ್ಲಿನ ಸುತ್ತ ಬೇಲಿ ಕಟ್ಟಿದ್ದೇನೆ, ಮಕ್ಕಳು, ನಾಯಿ ಅದರ ಕೆಳಗೆ ಹೋಗಬಾರದು. ನೀವು ಹೊಸದಾಗಿ ಮಾಡುವುದಾದರೆ ಹಳೆ ಜೆಸಿಬಿಯ ಎರಡೂ ಕಡೆ ಓಡುವ ಜಾಕ್ ಹುಡುಕಿ, ಈ ರಗಳೆ ಇರುವುದಿಲ್ಲ. ಟ್ರ್ಯಾಕ್ಟರ್ ಇಲ್ಲದವರು ಟಿಲ್ಲರ್ ಎಂಜಿನ್‌ಗೆ ಬೆಲ್ಟ್ ಹಾಕಿ ಗೇರ್ ಪಂಪ್ ಓಡಿಸಬಹುದು. ನಿಮಿಷಕ್ಕೆ 24 ಲೀಟರ್ ಎಣ್ಣೆ ಕೊಡುವ ಪಂಪ್ ಆದರೆ ಎರಡು ಅಡಿ ಓಟಕ್ಕೆ 12 ಸೆಕೆಂಡ್ ಹಿಡಿಯುತ್ತದೆ. ಅದಕ್ಕೆ ಸುಮಾರು 10 ಹಾರ್ಸ್‌ಪವರ್ ಸಾಕು. ಇನ್ನೂ ಬೇಗ ಆಗಬೇಕು ಅಂತ ಆಸೆ ಪಡಬೇಡಿ. 12 ಸೆಕೆಂಡ್ ಅಂದರೆ ಬೆರಳು ಹಿಂದೆ ತೆಗೆಯಲಿಕ್ಕೆ ಸಿಗುವ ಸಮಯ. ತೋಟಕ್ಕೆ ಬೋರ್ಡೋ ಹೊಡೆಯುವ ಪಂಪ್ ಆಗುತ್ತದಾ ಅಂತ ಒಬ್ಬರು ಕೇಳಿದ್ದರು. ಆಗುವುದಿಲ್ಲ. ಅದು ನೀರಿಗೆ ಮಾಡಿದ್ದು, ಇಷ್ಟು ಒತ್ತಡಕ್ಕೆ ಅಲ್ಲ.

ಬೆಣೆಗೆ ಎಲ್ಲರೂ ಲಾರಿಯ ಕಮಾನ್ ಪಟ್ಟಿ ತರುತ್ತಾರೆ. ಒಳ್ಳೆಯ ಉಕ್ಕು ಅದು, ನಮ್ಮ ಆಚಾರ್ರು ಕತ್ತಿ ಮಾಡುವುದೂ ಅದರಿಂದಲೇ. ಆದರೆ ತಣ್ಣಗಿರುವಾಗ ಹಾಗೇ ಬೆಸುಗೆ ಹಾಕಿದರೆ ಬೆಸುಗೆಯ ಪಕ್ಕದಲ್ಲೇ ಗಾಜಿನ ಹಾಗೆ ಸೀಳುತ್ತದೆ. ನನ್ನ ಮೊದಲ ಬೆಣೆ ಹಾಗೇ ಹೋಯಿತು. ದಾರಿ ತೋರಿಸಿದವರು ನಮ್ಮೂರಿನ ವಯಸ್ಸಾದ ಆಚಾರ್ರು. "ಪಟ್ಟಿ ಕುಲುಮೇಲಿ ಬಿಸಿ ಮಾಡಿ ಬೆಸುಗೆ ಹಾಕು. ಆದ ಕೂಡಲೇ ಒಲೆ ಬೂದಿಯಲ್ಲಿ ಹೂತು ಹಾಕು. ಬೆಳಿಗ್ಗೆವರೆಗೆ ಮುಟ್ಟಬೇಡ" ಅಂದರು. ಬೂದಿಯಲ್ಲಿ ಅದು ರಾತ್ರಿಯಿಡೀ ನಿಧಾನಕ್ಕೆ ಆರುತ್ತದೆ, ಬಿರುಸು ಹೋಗುತ್ತದೆ. ಆ ಬೆಣೆ ಈಗ ಏಳನೇ ವರ್ಷ ನಡೆಯುತ್ತಿದೆ.

ಸೀಳುವಾಗ ಒಂದೇ ಕಟ್ಟುಪಾಡು. ಕಟ್ಟಿಗೆ ಇಡುವ ಕೈ ಮತ್ತು ಲಿವರ್ ಎಳೆಯುವ ಕೈ ಒಬ್ಬರದ್ದೇ ಆಗಿರಬೇಕು. ಒಬ್ಬರು ಇಡುವುದು, ಇನ್ನೊಬ್ಬರು ಎಳೆಯುವುದು ಅಂತ ಮಾಡಿದ ಕಡೆಯೇ ಬೆರಳು ಹೋಗುವುದು. ಹೋಸ್ ಪೈಪ್ ಸೋರುತ್ತಿದೆ ಅನ್ನಿಸಿದರೆ ಬೆರಳಿಟ್ಟು ನೋಡಬೇಡಿ. ಆ ಒತ್ತಡದಲ್ಲಿ ಎಣ್ಣೆ ಸೂಜಿ ಹಾಗೆ ಚರ್ಮದೊಳಗೆ ನುಗ್ಗುತ್ತದೆ. ಹೊರಗೆ ಒಂದು ಚುಕ್ಕೆ ಕಾಣುತ್ತದೆ, ಒಳಗೆ ಕೈ ಕೊಳೆಯುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ. ಚುಚ್ಚಿದ ಹಾಗೆ ಅನ್ನಿಸಿದರೆ ನೋವು ಇಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ.

ಶಂಕುವಿನ ಆಕಾರದ ಸ್ಕ್ರೂ ತಿರುಗುತ್ತಾ ಕಟ್ಟಿಗೆ ಸೀಳುವುದನ್ನು ಮೊಬೈಲಿನಲ್ಲಿ ನೀವೆಲ್ಲ ನೋಡಿದ್ದೀರಿ. ಟಿಲ್ಲರ್‌ನ ರೋಟರಿ ಶಾಫ್ಟಿಗೆ ಅದನ್ನು ಹಾಕಬಹುದಲ್ಲ ಅಂತ ಕೇಳುವವರು ಬಹಳ ಜನ. ಹಾಕಬಹುದು. ನಾನು ಬೇಡ ಅನ್ನುತ್ತೇನೆ. ಜಾಕ್‌ನ ಬೆಣೆ ಲಿವರ್ ಬಿಟ್ಟರೆ ನಿಲ್ಲುತ್ತದೆ, ಸ್ಕ್ರೂ ನಿಲ್ಲುವುದಿಲ್ಲ. ಕೈಗವಸಿನ ಒಂದು ದಾರ, ಸೆರಗಿನ ತುದಿ, ಹೆಗಲ ಮೇಲಿನ ಟವೆಲ್, ಏನು ಸಿಕ್ಕರೂ ಸುತ್ತಿ ಎಳೆದುಕೊಳ್ಳುತ್ತದೆ. ಅದೇ ಕಾರಣಕ್ಕೆ ನನ್ನಲ್ಲಿ ಬೆಲ್ಟ್ ಇರುವ ಎಲ್ಲ ಕಡೆ ತಗಡಿನ ಮುಚ್ಚಳ ಇದೆ. ಎಂಜಿನ್ ಜೋಡಿಸುವ ಮೊದಲು ಮುಚ್ಚಳ ಮಾಡಿ ಮುಗಿಸಿಬಿಡಿ. ಓಡಲಿಕ್ಕೆ ಶುರುವಾದ ಮೇಲೆ ಯಾರೂ ಮುಚ್ಚಳ ಮಾಡುವುದಿಲ್ಲ, ಅದು ನಮ್ಮೆಲ್ಲರ ಸ್ವಭಾವ.

ಮಾತು ಸ್ವಲ್ಪ ಪಕ್ಕಕ್ಕೆ ಹೋಗಲಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕಬ್ಬಿಣ ಇಳಿಸಲಿಕ್ಕೆ ಶುರು ಮಾಡಿದಾಗ ಅದರ ಕುಲುಮೆಗೆ ಹಾಕುತ್ತಿದ್ದದ್ದು ಇದ್ದಿಲು. ಆ ಇದ್ದಿಲು ನಮ್ಮ ಮಲೆನಾಡಿನ ಕಾಡಿನ ಕಟ್ಟಿಗೆಯದು. ನಮ್ಮ ಹಿರಿಯರು ಹೊತ್ತ ಕಟ್ಟಿಗೆಯಿಂದ ಕಬ್ಬಿಣ ಆಯಿತು. ಹಳೇ ಬೀಡಿನ ಸಾಮಾನು ಕೈಗೆ ಬಂದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಈಗಲಾದರೂ ಆ ಕಬ್ಬಿಣ ನಮ್ಮ ಕಟ್ಟಿಗೆ ಹೊರಲಿ ಅನ್ನಿಸುತ್ತದೆ.

ಕೊನೆಗೆ ಕಾಲದ ವಿಷಯ. ಹಸಿ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರಬಹುದು. ಹಸಿಯಾಗಿದ್ದಾಗಲೇ ಹೊತ್ತರೆ ಆ ನೀರನ್ನೂ ಹೊತ್ತ ಹಾಗೆ. ಒಲೆಗೆ ಹಾಕಿದರೆ ಮೊದಲು ಆ ನೀರನ್ನು ಕುದಿಸಿ ಹಾರಿಸಬೇಕು, ಆಮೇಲೆ ಹಂಡೆಗೆ ಶಾಖ. ತೊಗಟೆ ನೀರನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ, ಸೀಳಿದರೆ ಬೇಗ ಬಿಡುತ್ತದೆ. ಆದ್ದರಿಂದ ನಾನು ಸಂಕ್ರಾಂತಿ ಕಳೆದ ಮೇಲೆ ಬೆಟ್ಟದಲ್ಲೇ ಕೊಯ್ದು, ಧರೆಯ ಮೇಲೆ ಬಿಸಿಲಿಗೆ ಬಿಟ್ಟು, ಯುಗಾದಿ ಆದ ಮೇಲೆ ಮನೆಗೆ ಸಾಗಿಸುತ್ತೇನೆ. ಟ್ರೇಲರ್ ಲೋಡು ಹಗುರ, ಇಳಿಜಾರಿನ ಭಯವೂ ಕಡಿಮೆ. ಜೂನ್ ಬಂತೆಂದರೆ ಸೂರಿನ ಕೆಳಗೆ ಇಟ್ಟದ್ದೂ ಒಣಗುವುದಿಲ್ಲ, ಗಾಳಿಯಲ್ಲೇ ನೀರು ಇರುತ್ತದೆ.

ಒಂಬತ್ತರಿಂದ ಆರಕ್ಕೆ ಇಳಿದದ್ದು ಈಗ ನಮ್ಮ ಮನೆಯಲ್ಲಿ ನಾಲ್ಕಕ್ಕೆ ಬಂದು ನಿಂತಿದೆ. ಕಟ್ಟಿಗೆ ಕೊಟ್ಟಿಗೆಯಿಂದ ಬಚ್ಚಲಿಗೆ ತರುವುದು ಇನ್ನೂ ಕೈಯಲ್ಲೇ. ಹಳೆ ಟಿಲ್ಲರ್‌ನ ಎರಡು ಗಾಲಿಗೆ ಒಂದು ಸಣ್ಣ ಕೈಗಾಡಿ ಮಾಡಿ ಕೊಟ್ಟಿದ್ದೇನೆ. ಹೊಸ್ತಿಲು ಎತ್ತರ ಇರುವುದರಿಂದ ಅಮ್ಮನಿಗೆ ಅದನ್ನು ಒಳಗೆ ತರಲಿಕ್ಕೆ ಆಗುವುದಿಲ್ಲ. ಅದಕ್ಕೆ ನಿಮ್ಮಲ್ಲಿ ಯಾರಿಗಾದರೂ ಉಪಾಯ ಹೊಳೆದರೆ ನನಗೆ ಹೇಳಿ.

ತೊಟ್ಟಿಲನ್ನು ಹೊರಗೆ ಧರೆಯ ಹತ್ತಿರ ತಂದಿಟ್ಟಿದ್ದೇನೆ. ಪಕ್ಕದಲ್ಲಿ ಅಕೇಶಿಯಾ ಕೋಲು ಒಂದು ಹೊರೆಯಷ್ಟು ಇದೆ, ಟ್ರೇಲರ್ ಕೆಳಗೆ ನಿಂತಿದೆ. ಕೊಯ್ದು ತೋರಿಸುತ್ತೇನೆ, ಬನ್ನಿ. ಹೆಗಲ ಮೇಲಿನ ಟವೆಲ್‌ಗಳನ್ನು ಇಲ್ಲೇ ಕುರ್ಚಿ ಮೇಲೆ ಬಿಟ್ಟು ಬನ್ನಿ.